ಅಂಪೈರ್ ಸಾಹೇಬರಿಗೆ ಬಿದ್ದ ಚೆಂಡು

ಅಂಪೈರ್: ಬೇಕಂತಲೇ ಹೊಡೆದಿದ್ದಾನೆ! ಯಾರ ಮುಂದೆ ಬೇಕಾದ್ರೂ ಹೇಳ್ತೀನಿ, ಬೇಕಂತಲೇ!

ಹೆಂಡತಿ: ಹೇಳೋರಂತೆ. ಮೊದಲು ಅಲ್ಲಾಡದೆ ಮಲಗಿ. ಬಿಸಿನೀರಿನ ಚೀಲ ಜಾರ್ತಾ ಇದೆ.

ಅಂಪೈರ್ ಸಾಹೇಬರು ಮಂಚದ ಮೇಲೆ ಬೋರಲಾಗಿ ಬಿದ್ದುಕೊಂಡಿದ್ದರು. ಹಿಂದಿನ ದಿನದ ಹಾಕಿ ಪಂದ್ಯದಲ್ಲಿ ಚೆಂಡು ಬಂದು ಬಡಿದದ್ದು ಅವರ ಬೆನ್ನಿಗಿಂತ ಕೆಳಗೆ, ಕಾಲಿಗಿಂತ ಮೇಲೆ. ವಾರದ ಉಳಿದ ದಿನಗಳಲ್ಲಿ ಅವರು ವಿಮಾ ಕಚೇರಿಯ ಗುಮಾಸ್ತರು. ಅಲ್ಲಿ ಇವರು ಗಂಟಲು ಸರಿಮಾಡಿಕೊಂಡರೆ ಜವಾನ ಕೂಡ ತಲೆ ಎತ್ತಿ ನೋಡುವುದಿಲ್ಲ. ಭಾನುವಾರ ಮಾತ್ರ ಇವರು ಸೀಟಿ ಊದಿದರೆ ಇಪ್ಪತ್ತೆರಡು ಜನ ಗಟ್ಟಿಮುಟ್ಟಾದ ಹುಡುಗರು ನಿಂತಲ್ಲೇ ನಿಲ್ಲುತ್ತಾರೆ. ಆ ಒಂದು ದಿನದ ದರ್ಬಾರಿಗೇ ಏಟು ಬಿದ್ದಿತ್ತು. ಅದೂ ಸ್ವಂತ ಬಾಮೈದನಿಂದ.

ಹೆಂಡತಿ ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಗಿರಾಕಿಗಳ ಬಟ್ಟೆ ಬದಿಗಿಟ್ಟು, ಹಳೇ ದಿಂಬೊಂದನ್ನು ಕತ್ತರಿಸಿ, ನಡುವೆ ದೊಡ್ಡ ತೂತು ಬಿಟ್ಟು, ಗಂಡ ಕೂರಲಿಕ್ಕೆ ಒಂದು ಮೆತ್ತೆ ಹೊಲಿಯುತ್ತಿದ್ದಳು. ಹೊಲಿಯುತ್ತಲೇ ವಿಚಾರಣೆಯನ್ನೂ ನಡೆಸಿದ್ದಳು.

ಹೆಂಡತಿ: ಚೆಂಡು ಬರೋದನ್ನ ನೋಡಿದ್ರಾ?

ಅಂಪೈರ್: ನೋಡ್ದೆ.

ಹೆಂಡತಿ: ನೋಡಿದ್ರೆ ಪಕ್ಕಕ್ಕೆ ಯಾಕೆ ಸರೀಲಿಲ್ಲ?

ಅಂಪೈರ್: ಅಂದ್ರೆ... ನೋಡ್ಲಿಲ್ಲ.

ಹೆಂಡತಿ: ನೋಡದೇ ಇದ್ದ ಮೇಲೆ ಬೇಕಂತ ಹೊಡೆದ ಅಂತ ಹೇಗೆ ಗೊತ್ತಾಯ್ತು?

ಅಂಪೈರ್: ಬಿದ್ದ ರಭಸದಲ್ಲೇ ಗೊತ್ತಾಗುತ್ತೆ ಕಣೇ! ಕೈತಪ್ಪಿ ಬಂದ ಚೆಂಡು ಹಾಗೆ ಬಡಿಯಲ್ಲ. ಅದರಲ್ಲಿ ಒಂದು ಉದ್ದೇಶ ಇತ್ತು.

ಹೆಂಡತಿ: ಉದ್ದೇಶ ಗೊತ್ತಾಗಿದ್ದು ಆ ಜಾಗದಲ್ಲಾ?

ಅಂಪೈರ್: ನಗು, ನಗು. ಸಂಜೆ ಹಾಕಿ ಸಂಘದ ಕಾರ್ಯದರ್ಶಿ ಫೋನ್ ಮಾಡಿ ಕೇಳ್ತಾರೆ. ಬೇಕಂತ ಹೊಡೆದ ಅಂತ ನಾನು ಒಂದು ಮಾತು ಹೇಳಿದ್ರೆ ಸಾಕು, ವರ್ಷಪೂರ್ತಿ ನಿನ್ನ ತಮ್ಮ ಮೈದಾನದೊಳಗೆ ಕಾಲಿಡೋ ಹಾಗಿಲ್ಲ.

ಯಂತ್ರ ನಿಂತಿತು. ಇಷ್ಟು ಹೊತ್ತು ತಮಾಷೆಯಾಗಿದ್ದ ಮುಖದಲ್ಲಿ ಈಗ ತಮಾಷೆಯಿರಲಿಲ್ಲ. ತಮ್ಮನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದೇ ಹಾಕಿ ಆಡುತ್ತಾನೆಂದು. ಇನ್ನೂ ಖಾಯಂ ಆಗಿಲ್ಲ. ಆಡದ ಆಟಗಾರನನ್ನು ಕೂರಿಸಿ ಸಾಕುವುದಕ್ಕೆ ಕಾರ್ಖಾನೆಯವರು ಅವನ ಅಕ್ಕಂದಿರಲ್ಲ.

ಹೆಂಡತಿ: ಅಂದ್ರೆ ಅವನ ಹೊಟ್ಟೆ ಮೇಲೆ ಹೊಡೀತೀರಾ?

ಅಂಪೈರ್: ಅವನು ನನಗೆ ಎಲ್ಲಿ ಹೊಡೆದ ಅನ್ನೋದನ್ನ ಮರೀಬೇಡ.

ಹೆಂಡತಿ: ‘ಆಕಸ್ಮಿಕ’ ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?

ಅಂಪೈರ್: ನನ್ನ ಮರ್ಯಾದೆ ಹೋಗುತ್ತೆ! ಆಕಸ್ಮಿಕ ಅಂದ್ರೆ ಏನರ್ಥ? ಅಂಪೈರ್ ನಿಲ್ಲಬಾರದ ಜಾಗದಲ್ಲಿ ನಿಂತಿದ್ದ, ನೋಡಬಾರದ ಕಡೆ ನೋಡ್ತಿದ್ದ ಅಂತ ಅರ್ಥ. ತಪ್ಪು ನನ್ನ ತಲೆಗೆ ಬರುತ್ತೆ.

ಹೆಂಡತಿ: ಸರಿ, ಯಾವ ಕಡೆ ನೋಡ್ತಿದ್ರಿ?

ಅಂಪೈರ್: ಅಂಪೈರ್ ಅಂದ ಮೇಲೆ ನಾಲ್ಕೂ ಕಡೆ ನೋಡ್ಬೇಕು.

ಹೆಂಡತಿ: ಚೆಂಡಿದ್ದ ಕಡೆ ಒಂದನ್ನ ಬಿಟ್ಟು.

ಅಷ್ಟರಲ್ಲಿ ಬಾಗಿಲಲ್ಲಿ ಬಾಮೈದ ಬಂದು ನಿಂತ. ಬಾಗಿಲಿನಷ್ಟೇ ಎತ್ತರದ ಆಳು. ಅವನ ಹೊಡೆತದ ಜೋರಿಗೆ ತಂಡದವರು ಇಟ್ಟ ಹೆಸರು ತೋಪು, ಅಂದರೆ ಫಿರಂಗಿ. ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲವಿತ್ತು.

ಬಾಮೈದ: ಭಾವ, ಈಗ ಹೇಗಿದೆ?

ಅಂಪೈರ್: ಕೂತು ಮಾತಾಡೋಣ ಅಂದ್ರೆ ನೀನು ಕೂರೋ ಭಾಗ್ಯವನ್ನೇ ಕಿತ್ಕೊಂಡಿದ್ದೀಯಲ್ಲಪ್ಪಾ.

ಹೆಂಡತಿ: ಬಾರೋ, ಸರಿಯಾದ ಹೊತ್ತಿಗೆ ಬಂದೆ. ಭಾವನ ಕಾಲು ಹಿಡ್ಕೊ. ‘ಕೈತಪ್ಪಿತು ಭಾವ’ ಅನ್ನು.

ಬಾಮೈದ: ಕಾಲು ಬೇಕಾದ್ರೆ ಹಿಡೀತೀನಿ ಅಕ್ಕಾ. ಕೈತಪ್ಪಿತು ಅಂತ ಮಾತ್ರ ಅನ್ನಲ್ಲ.

ಹೆಂಡತಿ: ಯಾಕೋ?

ಬಾಮೈದ: ತಪ್ಪಿಲ್ಲ, ಅದಕ್ಕೆ. ಗುರಿಯಿಟ್ಟೇ ಹೊಡೆದೆ.

ಅಂಪೈರ್ ಸಾಹೇಬರು ನೋವು ಮರೆತು ಮೊಣಕೈ ಮೇಲೆ ಎದ್ದರು.

ಅಂಪೈರ್: ಕೇಳಿದ್ಯಾ? ಕಿವಿಯಾರೆ ಕೇಳಿದ್ಯಾ? ಒಪ್ಕೊಂಡ!

ಬಾಮೈದ: ಒಪ್ಕೊಳ್ಳೋದೇನು ಭಾವ, ನೀವೂ ಸ್ವಲ್ಪ ಒತ್ತಿ ಹೇಳ್ಬೇಕು. ಬರೀ ‘ಬೇಕಂತ’ ಅಂದ್ರೆ ಸಾಲದು. ‘ಅಷ್ಟು ದೂರದಿಂದ, ಸರಿಯಾಗಿ ಗುರಿಯಿಟ್ಟು’ ಅನ್ನಿ.

ಹೆಂಡತಿ: ತಲೆಗಿಲೆ ಕೆಟ್ಟಿದೆಯೇನೋ ನಿನಗೆ? ಕೆಲಸ ಹೋಗುತ್ತೆ!

ಬಾಮೈದ: ಕೋಚ್ ಹತ್ರ ಮಾತಾಡಿದ್ದೀನಿ ಅಕ್ಕಾ. ಸಿಟ್ಟಿಗೆ ಹೊಡೆದವನಾದ್ರೆ ಸಂಘದವರ ಕೈಕಾಲು ಹಿಡಿದಾದ್ರೂ ವಾಪಸ್ ತಗೋತೀವಿ, ಗುರಿ ತಪ್ಪಿದವನನ್ನ ತಗೊಂಡು ಉಪ್ಪಿನಕಾಯಿ ಹಾಕೋದಾ ಅಂದ್ರು. ಗೋಲಿನ ಮುಂದೆ ಪೆನಾಲ್ಟಿ ಸಿಕ್ಕಿದ್ರೆ ಹೊಡೆಯೋನು ನಾನು. ನನ್ನ ಕೈ ತಪ್ಪುತ್ತೆ ಅಂತ ಊರಿಗೆಲ್ಲ ಗೊತ್ತಾದ್ರೆ ನನಗೆ ಚೆಂಡು ಹೆಕ್ಕೋ ಕೆಲಸಾನೂ ಕೊಡಲ್ಲ.

ಅಂಪೈರ್: ಹುಡುಗ ಹೇಳೋದ್ರಲ್ಲಿ ನ್ಯಾಯ ಇದೆ ಕಣೇ.

ಮದುವೆಯಾದಂದಿನಿಂದ ಭಾವ ಬಾಮೈದ ಒಂದೇ ಮಾತಿಗೆ ತಲೆಯಾಡಿಸಿದ್ದು ಇದೇ ಮೊದಲು. ಹೊಡೆದವನೂ ಹೊಡೆಸಿಕೊಂಡವರೂ ಕಿತ್ತಳೆ ಸುಲಿದು ಹಂಚಿಕೊಂಡು ತಿನ್ನತೊಡಗಿದರು. ಹೆಂಡತಿ ಸೂಜಿ ಹಿಡಿದು ಇಬ್ಬರನ್ನೂ ನೋಡಿದಳು. ಯಾರಿಗೆ ಮೊದಲು ಚುಚ್ಚುವುದೆಂದು ಯೋಚಿಸುವಂತಿತ್ತು.

ಅಂಪೈರ್: ಅದಿರಲಿ, ನನ್ನ ಮೇಲೆ ನಿನಗೇನೋ ಅಷ್ಟು ಸಿಟ್ಟು?

ಬಾಮೈದ: ಮತ್ತೆ ಬರಲ್ವಾ ಭಾವ? ಎದುರು ತಂಡದವರ ಸ್ಟಿಕ್ಕಿಗೆ ತಗುಲಿ ಚೆಂಡು ಗೆರೆ ದಾಟಿತು. ಹೊಡೆತ ನಮಗೆ ಸಿಗ್ಬೇಕು, ನೋಡ್ತಿದ್ದ ಕುರುಡನೂ ಹೇಳ್ತಿದ್ದ. ನೀವು ಅವರ ಕಡೆಗೆ ಕೈ ಚಾಚಿಬಿಟ್ರಿ!

ಅಂಪೈರ್: ನಾನೆಲ್ಲಿ ಚಾಚಿದೆ?

ಬಾಮೈದ: ಉದ್ದಕ್ಕೆ, ನೆಟ್ಟಗೆ, ನೀರಿನ ಟ್ಯಾಂಕ್ ಕಡೆಗೆ. ಅಂಪೈರ್ ಯಾವ ಕಡೆಗೆ ಕೈ ಚಾಚ್ತಾರೋ ಆ ಕಡೆಗೆ ಆಡ್ತಿರೋರಿಗೆ ಚೆಂಡು. ಎಲ್ಲರೂ ನೋಡಿದ್ದಾರೆ. ಸಂಬಂಧಿಕ ಅಂತ ಯಾರೂ ಅನ್ನಬಾರದು ಅಂತ ನನ್ನನ್ನ ತುಳೀತಿದ್ದೀರಿ ಅಂತ ಮೈಯೆಲ್ಲ ಉರಿದುಹೋಯ್ತು.

ಕಿತ್ತಳೆಯ ತೊಳೆ ಸಾಹೇಬರ ಬಾಯಿಯ ಹತ್ತಿರವೇ ನಿಂತಿತು. ಹೆಂಡತಿಯ ಕೈಯಲ್ಲಿದ್ದ ಸೂಜಿಯೂ ನಿಂತಿತು.

ಹೆಂಡತಿ: ನೀರಿನ ಟ್ಯಾಂಕ್ ಕಡೆಗಾ?

ಅಂಪೈರ್: ನೀನು ಸುಮ್ನಿರೇ.

ಹೆಂಡತಿ: ರೀ, ನಾನು ಗ್ಯಾಲರಿಯಿಂದ ‘ಸ್ಕೂಟರ್ ಕೀಲಿ ಎಲ್ಲಿ’ ಅಂತ ಕೈ ತಿರುಗಿಸಿ ಕೇಳಿದ್ದು ಆಗಲೇ ಅಲ್ವಾ? ನೀವು ‘ಸ್ಕೂಟರ್‌ನಲ್ಲೇ ಇದೆ’ ಅಂತ, ಅದನ್ನ ನಿಲ್ಲಿಸಿದ್ದ ಟ್ಯಾಂಕ್ ಕಡೆ ಕೈ ತೋರಿಸಿದ್ರಿ. ನಾನು ಎದ್ದು ಹೋದೆ. ಆಮೇಲೆ ನಿಮ್ಮ ಕೂಗು ಮಾತ್ರ ಕೇಳಿಸ್ತು.

ಬಾಮೈದ: ಅಂದ್ರೆ ಅದು ತೀರ್ಪಲ್ವಾ?

ಹೆಂಡತಿ: ಕೀಲಿ ಕಣೋ ಅದು!

ಬಾಮೈದ: ಆ ಕೀಲಿ ಮೇಲೆ ಅವರು ಮುಂದೆ ಹೋಗಿ ಗೋಲು ಹೊಡೆದ್ರಲ್ಲಕ್ಕಾ! ನಾವು ಸೋತ್ವಿ!

ಸಾಹೇಬರು ಮುಖವನ್ನು ದಿಂಬಿಗೆ ಒತ್ತಿಕೊಂಡರು. ಆ ಕತ್ತಲಲ್ಲಿ ಅವರಿಗೆ ಮುಂದಿನದೆಲ್ಲ ಸ್ಪಷ್ಟವಾಗಿ ಕಾಣಿಸಿತು. ‘ಬೇಕಂತ ಹೊಡೆದ’ ಎಂದರೆ ‘ಯಾಕೆ ಹೊಡೆದ’ ಎನ್ನುತ್ತಾರೆ. ಯಾಕೆ ಎಂದರೆ ತೀರ್ಪು. ಯಾವ ತೀರ್ಪು ಎಂದರೆ ಹೆಂಡತಿಯ ಸ್ಕೂಟರ್. ಅಲ್ಲಿಗೆ ಭಾನುವಾರವೂ ಸೋಮವಾರದ ಹಾಗೇ ಆಗಿಹೋಗುತ್ತದೆ. ಇನ್ನು ಯಾವ ಹುಡುಗನೂ ಇವರ ಸೀಟಿಗೆ ನಿಲ್ಲುವುದಿಲ್ಲ. ಇಷ್ಟು ಯೋಚಿಸುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಹೆಂಡತಿ ಎತ್ತಿ, ಎಲ್ಲರಿಗೂ ಕೇಳುವಂತೆ ಮಾಡಿ, ದಿಂಬಿನ ಪಕ್ಕ ಇಟ್ಟಳು.

ಕಾರ್ಯದರ್ಶಿ: ನಮಸ್ಕಾರ ಸಾರ್. ಹೇಗಿದ್ದೀರಿ? ಕೂತಿದ್ದೀರಾ?

ಅಂಪೈರ್: ಮಲಗಿದ್ದೀನಿ.

ಕಾರ್ಯದರ್ಶಿ: ಒಂದೇ ಪ್ರಶ್ನೆ. ಹುಡುಗ ಬೇಕಂತ ಹೊಡೆದನೋ, ಇಲ್ವೋ? ಬೇಕಂತ ಅಂದ್ರೆ ಎಲ್ಲರನ್ನೂ ಕರೆಸಿ, ಯಾವ ತೀರ್ಪಿಗೆ ಸಿಟ್ಟು ಬಂತು, ಏನು ಕಥೆ, ಎಲ್ಲ ಕೇಳಬೇಕಾಗುತ್ತೆ.

ಅಂಪೈರ್: ಅಷ್ಟೆಲ್ಲ ತೊಂದರೆ ಯಾಕೆ ಸಾರ್. ಬೇಕಂತ ಅಲ್ಲ.

ಬಾಮೈದ: (ಕೈಮುಗಿದು, ಪಿಸುಮಾತಿನಲ್ಲಿ) ಭಾವ... ಗುರಿಯಿಟ್ಟು ಅನ್ನಿ ಭಾವ...

ಕಾರ್ಯದರ್ಶಿ: ಖಂಡಿತ ತಾನೇ?

ಅಂಪೈರ್: ಬೇಕಂತ ಹೊಡೆಯೋಕೂ ಒಂದು ಯೋಗ್ಯತೆ ಬೇಕಲ್ಲ ಸಾರ್. ಆ ಹುಡುಗನಿಗೆ ಗುರಿಯೇ ಇಲ್ಲ. ಪಾಪ, ಅವನು ಹೊಡೆದಿದ್ದು ಗೋಲಿಗೆ.

ಕಾರ್ಯದರ್ಶಿ: ಗೋಲು ಇದ್ದಿದ್ದು ಆ ಕಡೆ ಅಲ್ವಾ?

ಅಂಪೈರ್: ಅದನ್ನೇ ಹೇಳ್ತಿರೋದು ಸಾರ್.

ಸಾಹೇಬರಿಗೆ ಏಟು ಬಿದ್ದ ಮೇಲೆ ಮೊದಲ ಸಲ ನೋವು ಕಡಿಮೆಯಾದ ಹಾಗನ್ನಿಸಿತು. ಸೀಟಿಯೂ ಉಳಿಯಿತು, ಸೇಡೂ ತೀರಿತು, ಜೊತೆಗೆ ಉಪಕಾರ ಮಾಡಿದ ಹೆಸರೂ ಬಂತು. ಕಚೇರಿಯಲ್ಲಿ ಇಂಥ ಬುದ್ಧಿ ಹೊಳೆದಿದ್ದರೆ ಇಷ್ಟು ಹೊತ್ತಿಗೆ ಅವರು ಮ್ಯಾನೇಜರ್ ಆಗಿರುತ್ತಿದ್ದರು.

ಬಾಮೈದ: (ತಡೆಯಲಾರದೆ, ಫೋನಿಗೆ ಬಾಗಿ) ಸುಳ್ಳು ಸಾರ್! ಬೇಕಂತಲೇ ಹೊಡೆದೆ!

ಕಾರ್ಯದರ್ಶಿ: ಯಾರದು?

ಅಂಪೈರ್: ಅವನೇ ಸಾರ್. ಬೆಳಗಿನಿಂದ ಹೀಗೇ. ನನ್ನ ಮೇಲಿನ ಪ್ರೀತಿಗೆ ತಪ್ಪನ್ನ ತಲೆ ಮೇಲೆ ಹೊತ್ಕೊಳ್ತಿದ್ದಾನೆ.

ಕಾರ್ಯದರ್ಶಿ: ಎಂಥ ಒಳ್ಳೇ ಹುಡುಗ! ಆಕಸ್ಮಿಕ ಅಂತಲೇ ಮುಗಿಸ್ತೀನಿ ಬಿಡಿ. ಅವನಿಗೆ ಒಂದು ಸಲ ಕಣ್ಣು ಪರೀಕ್ಷೆ ಮಾಡಿಸಿ.

ಫೋನು ನಿಂತಿತು. ಹೆಂಡತಿ ಉಸಿರು ಬಿಟ್ಟಳು. ಸದ್ಯಕ್ಕೆ ತಮ್ಮನ ಕೆಲಸ ಉಳಿದಿತ್ತು. ಆದರೆ ತಮ್ಮ ಜಗಳಕ್ಕೆ ಬರಲಿಲ್ಲ, ಕೂಗಾಡಲಿಲ್ಲ. ಗೋಡೆಗೆ ಒರಗಿ ಹಾಗೇ ನೆಲದ ಮೇಲೆ ಕುಸಿದು ಕೂತ.

ಬಾಮೈದ: ನಿಮಗೆ ಯಾರು ಹೇಳಿದ್ರು ಭಾವ?

ಅಂಪೈರ್: ಏನನ್ನ?

ಬಾಮೈದ: ನನ್ನ ಗುರಿ ಹೋಗಿದೆ ಅಂತ.

ಸಾಹೇಬರು ಮೊಣಕೈ ಊರಿ ಅವನ ಕಡೆ ತಿರುಗಿದರು.

ಬಾಮೈದ: ಸಿಟ್ಟು ಬಂದಿದ್ದು ನಿಜ. ಚೆಂಡು ಬೇಲಿಯಾಚೆ ಹೋಗಿ ಬೀಳಲಿ ಅಂತ ಹೊಡೆದೆ. ನೀವು ಎಲ್ಲಿ ನಿಂತಿದ್ರೋ ನಾನು ನೋಡೇ ಇರಲಿಲ್ಲ. ಈಗೀಗ ಏನು ಹೊಡೆದ್ರೂ ಹೀಗೇ, ನೆನೆಸಿದ ಕಡೆ ಹೋಗೋದೇ ಇಲ್ಲ. ನಿಮಗೆ ಬಡಿದಾಗ ಮಾತ್ರ ತಂಡದವರೆಲ್ಲ ‘ಏನು ಗುರಿಯೋ ನಿಂದು!’ ಅಂತ ಬೆನ್ನು ತಟ್ಟಿದ್ರು. ಆ ಮಾತು ಕೇಳಿ ಎಷ್ಟು ಕಾಲ ಆಗಿತ್ತೋ. ಬಿಟ್ಟುಕೊಡೋಕೆ ಮನಸ್ಸಾಗಲಿಲ್ಲ.

ಅಕ್ಕ ಮೆತ್ತೆ ಬದಿಗಿಟ್ಟಳು. ತಮ್ಮನ ಪಕ್ಕ ಹೋಗಿ ಕೂತು ತಲೆ ನೇವರಿಸಿದಳು. ಮಂಚದ ಮೇಲಿದ್ದವರಿಗೂ ಒಂದು ಥರ ಆಯಿತು, ಆದರೆ ಬೋರಲಾಗಿ ಮಲಗಿದವರು ಸಂಕಟ ಪಟ್ಟರೂ ಅದು ಮೂಳೆನೋವಿನ ಹಾಗೇ ಕಾಣುತ್ತದೆ.

ಅಂಪೈರ್: ಹಾಗಾದ್ರೆ... ನಾನು ಕಾರ್ಯದರ್ಶಿಗೆ ಹೇಳಿದ್ದು...

ಹೆಂಡತಿ: ನಿಜಾನೇ. ಇಷ್ಟು ವರ್ಷ ಸೀಟಿ ಊದಿದ್ದಕ್ಕೆ ಇವತ್ತು ಒಂದೇ ಒಂದು ತೀರ್ಪು ಸರಿಯಾಗಿ ಕೊಟ್ರಿ. ಅದೂ ಸುಳ್ಳು ಹೇಳ್ತಿದ್ದೀನಿ ಅಂದ್ಕೊಂಡು.