ಊರಿನ ಹೆಸರು ಕರೆಯುವ ಲೂಪು

ಸೋಮಾರಿಯಾಗಿ ಬದುಕಲು ಎಷ್ಟು ದುಡಿಯಬೇಕೆಂಬುದು ನನ್ನಂಥ ಸೋಮಾರಿಗಳಿಗೇ ಗೊತ್ತು. ಕಾರವಾರದಲ್ಲಿ ಹಳ್ಳಿಗಳ ನಕಾಶೆ ಅಚ್ಚು ಹಾಕಿಕೊಡುವ ಸಣ್ಣ ಆಫೀಸೊಂದರ ಕಂಪ್ಯೂಟರ್ ನನ್ನ ಸುಪರ್ದಿಯಲ್ಲಿತ್ತು. ಯಾವ ಮಾಹಿತಿಯಿಂದ ಯಾವ ನಕಾಶೆ ಆಗಬೇಕೆಂದು ಮೇಕ್‌ಫೈಲ್ ಎಂಬ ಕಡತದಲ್ಲಿ ಬರೆದಿಟ್ಟರೆ ಅದು ಮರುಮಾತಿಲ್ಲದೆ ತಯಾರಿಸುತ್ತಿತ್ತು. ಮೊದಮೊದಲು ಕದ್ವಾಡಕ್ಕೊಂದು, ಬೈತಖೋಲಕ್ಕೊಂದು ಎಂದು ಊರೂರಿಗೂ ಅದೇ ಸಾಲನ್ನು ಬರೆದು ಬೆರಳು ಸವೆಸಿಕೊಂಡೆ. ಆಮೇಲೆ ಬುದ್ಧಿ ಬಂತು. ಊರುಗಳ ಹೆಸರನ್ನೆಲ್ಲ ಒಂದೆಡೆ ಬರೆದು ಕೆಳಗೊಂದು ಲೂಪ್ ಹಾಕಿದೆ. ಅದು ಒಂದೊಂದೇ ಹೆಸರು ಹಿಡಿದು, ತಯಾರಿಸಬೇಕಾದ ನಕಾಶೆಗಳ ಪಟ್ಟಿಯನ್ನು ತಾನೇ ಹೆಣೆಯಿತು. ಮಾಲೀಕರಾದ ರಮಾಕಾಂತರಾಯರು ಖುಷಿಯಾಗಿ ಚಹಾ ತರಿಸಿದರು. ಅರ್ಧ ಲೋಟವಾದರೂ ಅವರ ಮಟ್ಟಿಗೆ ಅದು ಸನ್ಮಾನವೇ.

ನಿಜ ಹೇಳಬೇಕೆಂದರೆ ಆ ವಿದ್ಯೆ ನಾನು ಪುಸ್ತಕದಿಂದ ಕಲಿತದ್ದಲ್ಲ. ನಮ್ಮೂರ ದಂಡೆಯಲ್ಲಿ ರಂಪಣಿ ಬಲೆ ಎಳೆಯುವ ದಿನ ಗದ್ದೆಯವರು, ಮಾಸ್ತರರು ಎಲ್ಲರೂ ಹಗ್ಗಕ್ಕೆ ಕೈ ಹಾಕುತ್ತಿದ್ದರು. ಬಂಗಡೆ ಮೀನು ಮರಳಿಗೆ ಬಿದ್ದ ಮೇಲೆ ಹಿರಿಯರೊಬ್ಬರು ಮನೆಮನೆಯ ಹೆಸರು ಕರೆದು ಪಾಲು ಹಾಕುತ್ತಿದ್ದರು. ಕರೆದಾಗ ಯಾರೂ ಬಾರದಿದ್ದರೆ ಆ ಮನೆಯ ಪಾಲನ್ನು ಎಲೆ ಮುಚ್ಚಿ ಬದಿಗಿಡುವುದು. ಹೆಸರು ಬಿಟ್ಟು ಮುಂದೆ ಹೋಗುವ ಪದ್ಧತಿ ನಮ್ಮಲ್ಲಿರಲಿಲ್ಲ.

ಆ ಊರು ಈಗಿಲ್ಲ. ಸರ್ಕಾರದ ದೊಡ್ಡ ಯೋಜನೆಯೊಂದಕ್ಕೆ ಸಮುದ್ರದಂಚಿನ ಜಾಗ ಬೇಕಾಯಿತು, ನಾವೆಲ್ಲ ಎದ್ದು ಬಂದೆವು. ನಾನು ಹಬ್ಬುವಾಡದ ಬಾಡಿಗೆ ಕೋಣೆ ಸೇರಿದೆ, ನನ್ನ ತಾಯಿ, ಅವ್ವಿ, ಅಣ್ಣನ ಜೊತೆ ಅಂಕೋಲೆಯಾಚೆಯ ಪುನರ್ವಸತಿ ಕಾಲನಿ ಸೇರಿದಳು. ಒಂದು ಸೋಮವಾರ ಲೂಪ್ ಎಂದಿನಂತೆ ನಮ್ಮೂರ ಹೆಸರು ಕರೆಯಿತು. ಇಲ್ಲದ ಊರಿನ ಮಾಹಿತಿಯನ್ನು ಮೇಲಿನ ಕಚೇರಿಯವರು ಎಲ್ಲಿಂದ ಕಳಿಸಿಯಾರು? ಈ ನಕಾಶೆ ಮಾಡುವ ದಾರಿ ತನಗೆ ಗೊತ್ತಿಲ್ಲ ಎಂದು ಕಂಪ್ಯೂಟರ್ ಕೈಕಟ್ಟಿ ಕೂತಿತು. ಇದ್ದ ಊರುಗಳ ಕೆಲಸವೂ ನಿಂತಿತು. ಆ ಹೆಸರು ತೆಗೆದು ಬಿಸಾಡಿ ಎಂದರು ರಾಯರು. ಅಳಿಸುವ ಕೀಲಿಯ ಮೇಲೆ ಬೆರಳಿಟ್ಟೆ, ಒತ್ತಲಾಗಲಿಲ್ಲ. ಮನೆ, ಬಾವಿ, ದಂಡೆ ಎಲ್ಲ ಬಿಟ್ಟು ಬಂದವನಿಗೆ ಆ ನಾಲ್ಕಕ್ಷರದ ಮೇಲೆ ಅಷ್ಟು ಆಸೆಯಿತ್ತು.

ಸಂಜೆ ಫೋನಿನಲ್ಲಿ ಅವ್ವಿಗೆ ಹೇಳಿದೆ. ಮೇಕ್‌ಫೈಲ್ ಅವಳಿಗೆ ತಿಳಿಯಲಿಲ್ಲ, ಉಳಿದದ್ದೆಲ್ಲ ತಿಳಿಯಿತು.

“ಹೆಸ್ರು ಕರೀಲಿ ಬಿಡಾ, ತಮಾ,” ಎಂದಳು. “ಬರೂದು ಬಿಡೂದು ಊರಿಗೆ ಬಿಟ್ಟದ್ದು.”

ಮರುದಿನ ಒಂದು ಸಾಲು ಸೇರಿಸಿದೆ: ಹೆಸರು ಕರೆ, ಮಾಹಿತಿ ಇಲ್ಲದಿದ್ದರೆ ಸದ್ದಿಲ್ಲದೆ ಮುಂದಿನ ಊರಿಗೆ ಹೋಗು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನಮ್ಮೂರ ಹೆಸರು ಉಳಿಯಿತು, ಆಫೀಸೂ ನಡೆಯಿತು. ರಾಯರು ಈ ಸಲ ತುಂಬಿದ ಲೋಟದ ಚಹಾ ಕೊಡಿಸಿದರು.

ಅದೇ ಜಂಬದಲ್ಲಿ ಶನಿವಾರ ಅಂಕೋಲೆಯ ಬಸ್ಸು ಹತ್ತಿದೆ. ಹೆದ್ದಾರಿಯ ಬದಿಗೆ ಎತ್ತರದ ಗೋಡೆ ಶುರುವಾಯಿತು. ಅದರಾಚೆಯೇ ನಮ್ಮೂರಿದ್ದದ್ದು. ಕಂಡಕ್ಟರ್ ಹತ್ತಿರ ಬಂದು ನನ್ನ ಹೆಗಲು ಮುಟ್ಟಿದ.

“ಶನಿವಾರ ಶನಿವಾರ ಇಲ್ಲೇ ಏಳ್ತ್ರಿ ನೀವು. ಕೂತ್ಕಣಿ, ಅಂಕೋಲೆ ಇನ್ನೂ ದೂರ ಉಂಟು.”

ನೋಡಿದರೆ ಚೀಲ ಹೆಗಲಿಗೇರಿಸಿಕೊಂಡು ಬಾಗಿಲ ಬಳಿ ನಿಂತಿದ್ದೆ.