ಸಣ್ಣ ಲೆಕ್ಕ ಮೊದಲು

ಲೆಕ್ಕ ತಪ್ಪು ಮಾಡಿದವನು ಬಚಾವಾಗಬಹುದು. ಸರಿಯಾಗಿ ಮಾಡಿದವನ ಗತಿ ಏನೆಂಬುದು ನನಗೆ ತಿಳಿದದ್ದು ಬಲ್ಮಠದ ಹೆಂಚಿನ ಕಂಪೆನಿಯೊಂದರಲ್ಲಿ ಗುಮಾಸ್ತನಾಗಿದ್ದಾಗ. ಗುಮಾಸ್ತರು ನಾವು ಐದು ಜನ; ಲೆಕ್ಕದ ಯಂತ್ರ ಒಂದೇ. ಹಿಡಿಕೆ ತಿರುಗಿಸಿದರೆ ಗರಗರ ಗುಣಿಸುತ್ತಿದ್ದ, ಭಾಗಾಕಾರದಲ್ಲಿ ಒಂದು ಸುತ್ತು ಹೆಚ್ಚಾದರೆ ಟಿಣ್ ಎಂದು ಗಂಟೆ ಬಾರಿಸಿ ಎಲ್ಲರೆದುರು ಮರ್ಯಾದೆ ತೆಗೆಯುತ್ತಿದ್ದ ಕಬ್ಬಿಣದ ಪ್ರಾಣಿ. ಅದಕ್ಕಾಗಿ ದಿನವೂ ಜಗಳ. ಇಗರ್ಜಿಯಲ್ಲಿ ಅಷ್ಟು ಇಂಪಾಗಿ ಹಾಡುವ ನಮ್ಮ ಲೂಸಿಬಾಯಿ ಒಮ್ಮೆ ಹಿಡಿಕೆಯನ್ನೇ ಕಳಚಿ, ಕೈಚೀಲದಲ್ಲಿಟ್ಟುಕೊಂಡು ಊಟಕ್ಕೆ ಹೋಗಿದ್ದರು.

ಕಾಲೇಜಿನಲ್ಲಿ ಗಣಿತ ಓದಿದ್ದ ನನಗೆ ಇದನ್ನು ನೋಡಿಕೊಂಡಿರಲಾಗಲಿಲ್ಲ. ಒಂದು ಭಾನುವಾರ ಕದ್ರಿಯ ಮನೆಯಲ್ಲಿ ಕುಳಿತು ಸಮೀಕರಣ ಬರೆದೆ. ಯಾರ ಕೆಲಸ ಸಣ್ಣದೋ ಅವರಿಗೆ ಯಂತ್ರ ಮೊದಲು ಕೊಟ್ಟರೆ, ಕಾಯುವ ಸಮಯದ ಸರಾಸರಿ ಎಲ್ಲಕ್ಕಿಂತ ಕಡಿಮೆ! ಚಿಹ್ನೆಗಳ ಸಾಲು ಕಂಡು ಮೆನೇಜರು ಬೆದರಿ, "ಒಳ್ಳೆದುಂಟು, ಹಾಗೇ ಮಾಡಿ" ಎಂದರು. ಆ ವಾರ ಆಫೀಸಿನಲ್ಲಿ ಜಗಳದ ಸದ್ದೇ ಇಲ್ಲ. "ನಿಮ್ಮ ತಲೆ ಉಂಟಲ್ಲ ಮಾರಾಯ್ರೆ!" ಎಂದು ಲೂಸಿಬಾಯಿ ಹೊಗಳಿದಾಗ ನಾನು ನೆಲದಿಂದ ಸ್ವಲ್ಪ ಮೇಲೆಯೇ ನಡೆದೆ.

ಶನಿವಾರ ಬೆಳಿಗ್ಗೆ ಮೆನೇಜರು ಹೊರಗೆ ಬಂದರು. "ಇಬ್ರಾಹಿಂ ಸಾಹೇಬ್ರೆ, ಹೆಂಚಿನ ಮಂಜಿ ಬಂದರಿನಲ್ಲಿ ಕಾಯ್ತಾ ಉಂಟು. ನೀರು ಏರುವಾಗ ಹೊರಡ್ಬೇಕು. ಸರಕಿನ ಲೆಕ್ಕ ಎಲ್ಲಿ?"

ಮಂಜಿ ಎಂಬ ಸರಕಿನ ಹಾಯಿಹಡಗಿಗೆ ತುಂಬುವ ಹೆಂಚಿನ ಲೆಕ್ಕವೆಲ್ಲ ನಮ್ಮ ಐವರಲ್ಲಿ ಇಬ್ರಾಹಿಂ ಸಾಹೇಬರದು. ಅವರು ಶಾಂತವಾಗಿ ಎದ್ದು ನಿಂತರು. "ಸುರುವೇ ಮಾಡ್ಲಿಲ್ಲ ಸಾರ್. ನನ್ನದು ಎಲ್ಲರಿಗಿಂತ ದೊಡ್ಡದು. ನನ್ನ ಸರದಿ ಬರುವಾಗ ಯಾರಾದ್ರೂ ಒಂದು ಸಣ್ಣದು ಹಿಡ್ಕೊಂಡು ಬರ್ತಾರೆ. ಇವರ ಗಣಿತ ಹಾಗೆ ಅಲ್ವಾ?"

ಲೂಸಿಬಾಯಿಯ ಮೇಜಿನತ್ತ ನೋಡಿದರೆ, ಒಂದೇ ಬಿಲ್ಲನ್ನು ಚೂರುಚೂರು ಚೀಟಿಗಳಾಗಿ ಬರೆದಿಟ್ಟಿದ್ದಾರೆ!

"ಎಂತ ನೋಡ್ತೀರಿ? ಸಣ್ಣದಕ್ಕೆ ಮೊದಲು ಅಂತ ನೀವೇ ಹೇಳಿದ್ದಲ್ವಾ?"

ಸಮೀಕರಣ ತೆಗೆದು ಪರೀಕ್ಷಿಸಿದೆ. ಅಲ್ಲಿ ನಿಜವಾದ ಆಘಾತ ಕಾದಿತ್ತು: ಒಂದು ತಪ್ಪೂ ಇಲ್ಲ. "ಸರಾಸರಿ ಮಾತ್ರ ಕಡಿಮೆಯೇ ಸಾರ್" ಎಂದು ತೊದಲಿದೆ.

"ಸರಾಸರಿಯನ್ನು ಮಂಜಿಗೆ ಹತ್ತಿಸ್ಲಿಕ್ಕೆ ಆಗ್ತದಾ?" ಮೆನೇಜರು ಗುಡುಗಿದರು.

ಇಬ್ರಾಹಿಂ ಸಾಹೇಬರು ಅಂಕಿ ಓದಿದರು, ನಾನು ಹಿಡಿಕೆ ತಿರುಗಿಸಿದೆ, ಲೂಸಿಬಾಯಿ ಬರೆದರು. ಕಾಗದ ಸೈಕಲ್ಲಿನಲ್ಲಿ ಬಂದರಿಗೆ ಓಡಿತು. ಏರಿದ ನೀರು ಇಳಿಯುವ ಮೊದಲು ಮಂಜಿ ಹೊರಟಿತು. ನಿಟ್ಟುಸಿರು ಬಿಡುವಷ್ಟರಲ್ಲಿ ನನಗೆ ಮೆನೇಜರ ತೀರ್ಪು ಬಂತು: "ಇನ್ನು ಯಂತ್ರ ನಿಮ್ಮ ಮೇಜಿನಲ್ಲೇ ಇರ್ಲಿ. ಎಲ್ಲರದ್ದೂ ನೀವೇ ತಿರುಗಿಸಿ."

ಮರುವರ್ಷ ಅಂಗಿ ಹೊಲಿಸಲು ಹೋದೆ. ದರ್ಜಿ ನನ್ನ ಬಲತೋಳು ಅಳೆದ, ಎಡತೋಳು ಅಳೆದ, ಬೆಚ್ಚಿ ಮತ್ತೆ ಬಲತೋಳು ಅಳೆದ. "ಎಂತ ಸಾರ್, ಒಂದೇ ಕೈಯಲ್ಲಿ ಕಸರತ್ತು ಮಾಡ್ತೀರಾ?"

"ಇಲ್ಲ ಮಾರಾಯ," ಎಂದೆ, "ಗಣಿತ."