ಯಾರೂ ಹಾಯದ ಖೋಲಿ

ಮನುಷ್ಯನ ಕೈಗೆ ಅಧಿಕಾರ ಸಿಕ್ಕರೆ ಹೇಗೆ ಕೆಡುತ್ತಾನೆಂದು ನೋಡಬೇಕಾದರೆ ಅವನಿಗೊಂದು ಚೌಕಳಿ ಹಾಳೆ, ಪೆನ್ಸಿಲ್ಲು ಕೊಟ್ಟು "ನಿಮ್ಮ ಮನೆಯ ನಕ್ಷೆ ನೀವೇ ಬರೆಯಿರಿ" ಎನ್ನಬೇಕು. ನಾನು ಭೂಗೋಳದ ಮಾಸ್ತರ. ಇಪ್ಪತ್ತು ವರ್ಷ ಕರಿಹಲಗೆಯ ಮೇಲೆ ದೇಶಗಳನ್ನೇ ಬರೆದು ಅಳಿಸಿದವನಿಗೆ ಒಂದು ಮನೆ ಯಾವ ಲೆಕ್ಕ ಎಂಬ ಸೊಕ್ಕು ನನ್ನಲ್ಲಿತ್ತು. ಒಪ್ಪಿಕೊಂಡುಬಿಡುತ್ತೇನೆ.

ಸದಲಗಾದ ನಮ್ಮ ಹಳೆಯದು ಮನೆಯಲ್ಲ, ಹಾದಿ. ಮುಂಬಾಗಿಲು ಪೇಟೆಗೆ, ಹಿಂಬಾಗಿಲು ಓಣಿಗೆ, ನಡುವೆ ಎಲ್ಲ ಬಾಗಿಲುಗಳೂ ಒಂದೇ ಸಾಲಿನಲ್ಲಿ. ಬಸದಿಗೆ ಹೋಗುವವರು, ಗಿರಣಿಗೆ ಜೋಳ ಹೊತ್ತವರು, ಡೇರಿಗೆ ಹಾಲು ಒಯ್ಯುವವರು ಎಲ್ಲರೂ ಸುತ್ತು ತಪ್ಪಿಸಲು ನಮ್ಮೊಳಗೇ ಹಾಯುತ್ತಿದ್ದರು. ನಡುಮನೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತರೆ, "ಮಾಸ್ತರ್ರ, ಕಾಲ ಸ್ವಲ್ಪ ಮಡಚ್ರಿ" ಎಂದು ದಾಟಿ ಹೋಗುವರು. ಒಬ್ಬಾಕೆ ಹಾಲಿನ ಗಿಂಡಿ ಕೆಳಗಿಟ್ಟು, ಬಗ್ಗಿ ನೋಡಿ, "ಅಯ್ಯ! ನಮ್ಮ ಅಣ್ಣನ ಮಗಗ ಇಷ್ಟ ಮಾರ್ಕ್ಸ್ ಏನ್ರಿ?" ಎಂದು ಅಲ್ಲೇ ನಿಂತಳು. ಎರಡು ಅಂಕ ಹೆಚ್ಚಿಗೆ ಹಾಕಿದ ಮೇಲೆಯೇ ಗಿಂಡಿ ಎತ್ತಿದಳು.

ಅದಕ್ಕೇ ಎಂಬತ್ತರ ದಶಕದ ಕೊನೆಗೆ ಚಿಕ್ಕೋಡಿಯಲ್ಲಿ ಮನೆ ಕಟ್ಟಿಸುವಾಗ ಓಡಾಟ ಒಂದು ಕಡೆ, ಏಕಾಂತ ಒಂದು ಕಡೆ ಎಂದು ನಕ್ಷೆ ಬರೆದೆ. ಬರುವವರು, ಹೋಗುವವರು ಬಲಗಡೆಯ ಪ್ಯಾಸೇಜಿನಲ್ಲಿ. ನನ್ನ ಖೋಲಿ ಎಡತುದಿಯ ಮೂಲೆಗೆ, ಎರಡು ತಿರುವು ದಾಟಿದ ಮೇಲೆ. ಒಂದೇ ಬಾಗಿಲು, ಪೂರ್ವಕ್ಕೆ ಒಂದೇ ಕಿಟಕಿ. ಗೋಡೆ ಕಟ್ಟುವ ಗೌಂಡಿ ದಸ್ತಗೀರ ಹಾಳೆಯನ್ನು ಉಲ್ಟಾ ಸುಲ್ಟಾ ತಿರುಗಿಸಿ ನೋಡಿದ.

"ಸರ, ಅಡಗಿಮನಿ ಈ ತುದಿಗೆ, ನಿಮ್ಮ ಖೋಲಿ ಆ ತುದಿಗೆ. ನಿಮ್ಮನ್ನ ಒದರಿ ಕರಿಯೋದ ಹ್ಯಾಂಗ್ರಿ?"

"ಯಾರೂ ಕರೀಬಾರದಂತನ ಹಾಂಗ ಬರದೇನಿ."

"ಆತ ಬಿಡ್ರಿ, ನಿಮ್ಮ ಮರ್ಜಿ" ಎಂದು ಅವನು ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದ.

ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಹಳೆಯ ಮನೆಯಲ್ಲಿ ಇದಕ್ಕೆ ಗಡಿಯಾರ ಬೇಕಿರಲಿಲ್ಲ. ಸಂಜೆಯ ಹಾಲಿನವರು ನನ್ನ ಕಾಲು ದಾಟಿದರೆ ನಾನು ತಾಟಿನ ಮುಂದೆ ಕೂಡುತ್ತಿದ್ದೆ. ಹೊಸ ಮನೆಯ ಮೊದಲ ರವಿವಾರ ಖೋಲಿ ಸೇರಿ ಬಾಗಿಲು ಹಾಕಿಕೊಂಡೆ. ಆಹಾ, ಎಂಥ ಶಾಂತಿ! ಪೂರ್ವದ ಕಿಟಕಿ ಮಬ್ಬಾದಾಗ ಮೋಡ ಕವಿದಿರಬೇಕು ಎಂದುಕೊಂಡೆ. ಹೊರಗೆ ಬಂದರೆ ಹೆಂಡತಿ ಸುನಂದಾ ಒಲೆ ಸಾರಿಸುತ್ತಿದ್ದಳು, ಅವ್ವ ಜಪಮಣಿ ಹಿಡಿದಿದ್ದಳು.

"ಹೊತ್ತ ಮುಳಗಿತಲ್ಲೋ ಯಪ್ಪಾ" ಎಂದಳು ಅವ್ವ.

"ನಾಕ ಸಲ ಕರದೆನ್ರಿ. ಆ ಕಡೆ ಯಾರೂ ಬರಬ್ಯಾಡ್ರಿ ಅಂತ ನೀವ ತಾಕೀತ ಮಾಡೀರಿ" ಎಂದಳು ಸುನಂದಾ.

ಆ ವಾರ ಮೂರು ಸಂಜೆ ಉಪವಾಸ. ನಾಲ್ಕನೆಯ ದಿನ ಬಸದಿಯಲ್ಲಿ ಹಿರಿಯರೊಬ್ಬರು ನನ್ನೆರಡೂ ಕೈ ಹಿಡಿದು, "ಒಪ್ಪತ್ತಿನ ವ್ರತ ಹಿಡದೀರಂತ. ಈ ವಯಸ್ಸಿನ್ಯಾಗ ಏನ ವೈರಾಗ್ಯರೀ ನಿಮ್ದು!" ಎಂದರು. ಅವ್ವ ಅಭಿಮಾನದಿಂದ ಊರೆಲ್ಲ ಸಾರಿಬಿಟ್ಟಿದ್ದಳು. ಅಲ್ಲ ಎನ್ನಲು ನನಗೆ ಧೈರ್ಯವಾಗಲಿಲ್ಲ. ಹಸಿವಿನಿಂದ ಕಣ್ಣು ಕತ್ತಲಾಗಿ ಸ್ವಲ್ಪ ತೂಗಾಡಿದ್ದನ್ನೂ ಅವರು ಭಕ್ತಿಯೆಂದೇ ತಿಳಿದರು. ಮನೆಗೆ ಬಂದವನೇ ಮೇಜು ಕುರ್ಚಿ ಎಳೆದು ತಂದು ಅಡುಗೆಮನೆಯ ಬಾಗಿಲಿಗೇ ಹಾಕಿಕೊಂಡೆ. ಸೊಕ್ಕು ಇಳಿದಿತ್ತು.

ಖೋಲಿ ಖಾಲಿ ಬಿತ್ತು. ಒಂದು ಮಧ್ಯಾಹ್ನ ಚಹಾ ಬೇಕೆನಿಸಿ ನೋಡಿದರೆ ಸುನಂದಾ ಎಲ್ಲೂ ಇಲ್ಲ. ಹಿತ್ತಲು, ಮಾಳಿಗೆ ಹುಡುಕಿ ಕೊನೆಗೆ ಖೋಲಿಯ ಹತ್ತಿರ ಬಂದರೆ ಒಳಗಿನಿಂದ ಚಿಲಕ ಹಾಕಿತ್ತು. ಬಾಗಿಲು ಬಡಿದೆ.

"ಒಳಗ ಏನ ಮಾಡಾಕತ್ತಿ?"

"ಏನೂ ಇಲ್ರಿ."

"ಏನೂ ಇಲ್ಲಂದ್ರ?"

"ಏನೂ ಮಾಡಲಾರದ ಸುಮ್ಮ ಕುಂತೇನಿ. ಮದವಿ ಆಗಿ ಹದಿನೆಂಟ ವರ್ಷದಾಗ ಇವತ್ತ ಮೊದಲನೇ ಸಲ." ಒಳಗಿನಿಂದಲೇ, "ಖೋಲಿ ಭಾಳ ಚಲೋ ಕಟ್ಟಸೀರಿ" ಎಂದಳು.

ನನಗೆ ನಾಚಿಕೆಯಾಯಿತು. ಯಾರು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕೆಂದು ಅಷ್ಟು ಗೆರೆ ಎಳೆದವನು, ಇವಳು ಎಲ್ಲಿ ಕೂಡಬೇಕೆಂದು ಒಂದು ಚೌಕವನ್ನೂ ಬರೆದಿರಲಿಲ್ಲ. ಸದ್ದಾಗದಂತೆ ಅಡುಗೆಮನೆಗೆ ಬಂದು ಸ್ಟೋವ್ ಹಚ್ಚಿದೆ. ಈ ಮನೆಯ ಒಂದೊಂದು ಗೋಡೆಯ ಉದ್ದ ಅಗಲ ನನಗೆ ಬಾಯಿಪಾಠ; ಸಕ್ಕರೆಯ ಡಬ್ಬಿ ಎಲ್ಲಿದೆಯೆಂದು ಗೊತ್ತಿಲ್ಲ. ಹೋಗಿ ಕೇಳಬಹುದಿತ್ತು. ಕೇಳಲಿಲ್ಲ. ಸಪ್ಪೆ ಚಹಾ ಕುಡಿದೆ.